ಆಕಳ ಜಾತ್ರೆಗೆ ಹೋದ ತಾವರಗೇರಾದ ಹುಲಿ

ಗಂಗಾವತಿ

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಕುಷ್ಟಗಿ, ಯಲಬುರ್ಗಾ, ಕೊಪ್ಪಳ, ತಿರುಗಿ ಕುಷ್ಟಗಿ. ಅರ್ಧ ಆಯುಷ್ಯ ಇಷ್ಟರೊಳಗೇ ಸವೆದಿದೆ. ಹೊಸಪೇಟೆ ದಾಟಿದರೆ ನನಗೆ ಅದೇ ಪರದೇಶ. ಅಂಥವನು ನಿಜವಾದ ಪರದೇಶಕ್ಕೆ, ನೇಪಾಳಕ್ಕೆ, ಹೋಗಿಬಂದೆ ಎಂದರೆ ನಮ್ಮ ಡಿಪೊದಲ್ಲಿ ಈಗಲೂ ಒಂದಿಬ್ಬರು ನಂಬುವುದಿಲ್ಲ. ಕೊಪ್ಪಳ ಹೊಸದಾಗಿ ಜಿಲ್ಲೆಯಾಗಿ, ಕಚೇರಿಗಳ ಬೋರ್ಡಿನ ಬಣ್ಣ ಇನ್ನೂ ಮಾಸದಿದ್ದ ಕಾಲ ಅದು. ಹಿಮಾಲಯ ಹೇಗಿದೆ ಎಂದು ಕೇಳಬೇಡಿ, ನಾನು ನೋಡಿಲ್ಲ. ಆದರೆ ಅಲ್ಲಿ ಕಪ್ಪೆಗೆ ಅನ್ನ ಹಾಕುವ ಹಬ್ಬವೊಂದಿದೆ, ಸತ್ತವರನ್ನು ನೆನೆದು ನಗುವ ಹಬ್ಬವೊಂದಿದೆ. ಅವೆರಡನ್ನೂ ನೋಡಿಬಂದಿದ್ದೇನೆ. ಎರಡನೆಯದರಲ್ಲಿ ನಮ್ಮ ಮನೆಯವರೇ ಒಬ್ಬರು ಮೆರವಣಿಗೆ ಹೋದರು.

ಹೋದದ್ದು ಅಕ್ಕನ ಸಲುವಾಗಿ. ನಮ್ಮಕ್ಕ ನೀಲವ್ವನನ್ನು ತಾವರಗೇರಾಕ್ಕೆ ಕೊಟ್ಟಿದೆ. ಅವಳ ಗಂಡ ಯಮನೂರಪ್ಪ, ನನಗೆ ಭಾವ, ಆ ವರ್ಷ ಸಂಕ್ರಾಂತಿ ಮುಗಿದ ಮೇಲೆ ಒಂದು ಸಂಜೆ ಹೊಲದಿಂದ ಬಂದು ಕಟ್ಟೆಯ ಮೇಲೆ ಕುಳಿತವರು ಕುಳಿತಲ್ಲೇ ತೀರಿಕೊಂಡರು. ಊರಿಗೆ ಅವರು ಬರೀ ಶೇಂಗಾ ಬೆಳೆಯುವ ಯಮನೂರಪ್ಪ ಆಗಿರಲಿಲ್ಲ, ಅಲಾಯಿ ಹಬ್ಬದ ಹುಲಿಯಾಗಿದ್ದರು. ನಮ್ಮ ಸೀಮೆಯಲ್ಲಿ ಮೊಹರಮ್ಮಿಗೆ ಅಲಾಯಿ ಹಬ್ಬ ಎನ್ನುತ್ತಾರೆ. ಹಿಂದೂ ಮುಸ್ಲಿಂ ಎನ್ನದೆ ಇಡೀ ಊರೇ ಮಾಡುತ್ತದೆ. ಮಡಿದವರನ್ನು ನೆನೆಯುವ ದುಃಖದ ಹಬ್ಬವೇ ಹೌದು. ಆದರೂ ಅದರ ನಡುವೆ ಹಲಗೆ ಬಡಿಯುತ್ತಾರೆ, ಚೂಪು ಟೊಪ್ಪಿಗೆಯ ಅಳ್ಳೊಳ್ಳಿ ಬವ್ವಗಳು ಕೋಡಂಗಿ ಆಟ ಆಡುತ್ತವೆ, ಹರಕೆ ಹೊತ್ತವರು ಮೈಗೆ ಹಳದಿ ಬಣ್ಣ ಬಳಿದುಕೊಂಡು ಹುಲಿಯಾಗುತ್ತಾರೆ. ಭಾವ ಸಣ್ಣವರಿದ್ದಾಗ ಜಡ್ಡು ಬಿದ್ದು, ಉಳಿಯುವ ಆಸೆ ಇಲ್ಲವಾದಾಗ, ಅವರ ತಾಯಿ ಅಲಾಯಿ ದೇವರಿಗೆ ಬೇಡಿಕೊಂಡರಂತೆ: ಹುಡುಗ ಉಳಿದರೆ ಪ್ರತಿವರ್ಷ ನಮ್ಮ ಮನೆಯಿಂದ ಒಂದು ಹುಲಿ. ಹುಡುಗ ಉಳಿದ. ಕೂದಲು ಬೆಳ್ಳಗಾದ ಮೇಲೂ ಒಂದು ವರ್ಷ ತಪ್ಪದೆ ಕುಣಿದ.

ತೊಂದರೆ ಬಂದದ್ದು ಫೋಟೊದಿಂದ. ಭಾವನವರಿಗೆ ಫೋಟೊ ತೆಗೆಸಿಕೊಳ್ಳುವುದೆಂದರೆ ಆಗುತ್ತಿರಲಿಲ್ಲ. ಮದುವೆಯ ಕಾಲಕ್ಕೆ ಊರಲ್ಲಿ ಕ್ಯಾಮೆರಾ ಇರಲಿಲ್ಲ. ವೋಟಿನ ಕಾರ್ಡಿನಲ್ಲಿ ಇರುವುದು ಭಾವನೋ ಹಿಂದಿನ ಗೋಡೆಯೋ ಹೇಳಲು ಬರುವುದಿಲ್ಲ. ಉಳಿದದ್ದು ಒಂದೇ ಒಂದು, ಕುಷ್ಟಗಿಯ ಸ್ಟುಡಿಯೊದವನೊಬ್ಬ ಅಲಾಯಿಯಲ್ಲಿ ತೆಗೆದದ್ದು. ಮೈತುಂಬ ಪಟ್ಟೆ, ಬಟ್ಟೆ ಸುತ್ತಿದ ಉದ್ದನೆಯ ಬಾಲ ಕೈಯಲ್ಲಿ, ನಾಲಿಗೆ ಗದ್ದದ ತನಕ ಹೊರಗೆ. ದಿವಸದ ದಿನ, ಸತ್ತವರ ಕಾರ್ಯದಂದು, ಅದಕ್ಕೇ ಕಟ್ಟು ಹಾಕಿಸಿ, ಕುಂಕುಮ ಹಚ್ಚಿ, ಹಾರ ಹಾಕಿ ಇಟ್ಟೆವು. ಗಂಗಾವತಿಯಿಂದ ಬಂದಿದ್ದ ಬೀಗರೊಬ್ಬರು ಕೈಮುಗಿಯಲು ಹತ್ತಿರ ಹೋದವರು ಕಿಸಕ್ಕನೆ ನಕ್ಕುಬಿಟ್ಟರು. ಅವರ ಹಿಂದಿದ್ದ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಕ್ಕ ಎದ್ದು ಬಂದು ಫೋಟೊವನ್ನು ಗೋಡೆಯ ಕಡೆ ಮುಖ ಮಾಡಿ ತಿರುಗಿಸಿಟ್ಟಳು.

ಅವತ್ತಿನಿಂದ ಅದು ಹಾಗೇ ಇತ್ತು. ಅಕ್ಕನೂ ಹಾಗೇ ಇದ್ದಳು. ಮಾತು ಬೇಕಾದಷ್ಟು, ನಗು ಮಾತ್ರ ಇಲ್ಲ. ಯಾರಾದರೂ ಭಾವನವರ ತಮಾಷೆಯ ಪ್ರಸಂಗ ತೆಗೆದರೆ ಎದ್ದು ಒಳಗೆ ಹೋಗುತ್ತಿದ್ದಳು. ಗಂಡ ಸತ್ತ ಮೇಲೂ ಊರಿಗೆ ನಗೆಪಾಟಲಾದರಲ್ಲ ಎನ್ನುವ ಸಂಕಟ ಅವಳದು. ಆ ಬೇಸಿಗೆಯಲ್ಲಿ ಅಲಾಯಿ ಬಂದಾಗ ಊರಿನ ಹಿರಿಯರು ಮನೆಗೆ ಬಂದು, "ಈ ಸಲ ಹುಲಿ ಯಾರ್ನ ಮಾಡೂನ್ರಿ, ನೀಲವ್ವಾರ?" ಎಂದು ಕೇಳಿದರು.

"ನಮ್ಮನಿ ಹುಲಿ ಮುಗೀತ್ರಿ," ಎಂದು ಅಕ್ಕ ಬಾಗಿಲು ಹಾಕಿಕೊಂಡಳು.

ನನ್ನನ್ನು ಎತ್ತಿ ಆಡಿಸಿದವಳು ಅವಳು. ಇನ್ನು ಮುಂದೆ ಹೀಗೇ ಉಳಿದುಬಿಡುತ್ತಾಳೇನೋ ಎಂದು ನನಗೆ ಹೆದರಿಕೆಯಾಗಿತ್ತು. ಶ್ರಾವಣದಲ್ಲಿ ಗಂಗಾವತಿಯಿಂದ ಕಾಶಿ, ನೇಪಾಳಕ್ಕೆ ಯಾತ್ರೆಯ ಬಸ್ಸು ಹೊರಡುತ್ತದೆ ಎಂದು ಗೊತ್ತಾದಾಗ ಅವಳೇ ಬಾಯಿಬಿಟ್ಟು ಕೇಳಿದಳು. "ತಮ್ಮಾ, ನಿಮ್ಮ ಭಾವಾರು ಕಾಶಿ ನೋಡ್ಬೇಕು, ನೋಡ್ಬೇಕು ಅಂತಿದ್ರು. ಕರ್ಕೊಂಡು ಹೋಗೂಣು ನಡಿ."

ಕರೆದುಕೊಂಡು ಹೋಗುವುದು ಹೇಗೆ ಎಂದು ನನಗೆ ತಿಳಿದದ್ದು ಬಸ್ಸು ಹತ್ತುವಾಗ. ಹಳೆಯ ಜಂಪರಿನ ಬಟ್ಟೆಯಲ್ಲಿ ಗಂಟು ಕಟ್ಟಿದ ಫೋಟೊ ಅವಳ ಕಂಕುಳಲ್ಲಿತ್ತು.

ಕಾಶಿ

ಕೆಲಸದ ಬಸ್ಸಿನಲ್ಲಿ ನನಗೆ ಕೂಡಲು ಆಗುವುದಿಲ್ಲ. ರಜೆಯ ಬಸ್ಸಿನಲ್ಲಿ ಕೂಡಲು ಬರುವುದಿಲ್ಲ. ನಮ್ಮ ಡ್ರೈವರ್ ಮೆಹಬೂಬಣ್ಣ ಗಂಗಾವತಿಯವರು, ಬಹಳ ಸಮಾಧಾನದ ಮನುಷ್ಯ. ನಾನು ಬಾಗಿಲ ಬಳಿಯೇ ನಿಂತು ತಿರುವು ತಿರುವಿಗೂ "ರೈಟ್, ರೈಟ್" ಎನ್ನುವುದನ್ನು ಮಹಾರಾಷ್ಟ್ರ ಮುಗಿಯುವ ತನಕ ಸಹಿಸಿಕೊಂಡರು. ಆಮೇಲೆ, "ಸಾಹೇಬ್ರ, ನೀವು ಸೀಟಿಗೆ ಕುಂತ್ರೂ ಬಸ್ಸು ಮುಂದ ಹೊಕ್ಕೈತ್ರಿ. ನಾ ಜವಾಬ್ದಾರಿ," ಎಂದರು. ಕುಳಿತೆ. ಆದರೂ ಯಾರಾದರೂ ಇಳಿಯಲು ಎದ್ದರೆ ಕೈ ತಾನಾಗಿ ಗಂಟೆಯ ಹಗ್ಗ ಹುಡುಕುತ್ತಿತ್ತು.

ಬಸ್ಸಿನ ಮೇಲೆ ಅಡುಗೆಯ ಪಾತ್ರೆ, ಗ್ಯಾಸ್ ಒಲೆ, ಅಕ್ಕಿ ಚೀಲ. ಒಳಗೆ ಪ್ರತಿ ಸೀಟಿನ ಕೆಳಗೆ ಖಡಕ್ ರೊಟ್ಟಿಯ ಡಬ್ಬಿ. ಉತ್ತರ ಪ್ರದೇಶ ತಲುಪುವ ಹೊತ್ತಿಗೆ ಇಡೀ ಬಸ್ಸು ಶೇಂಗಾ ಚಟ್ನಿಯ ವಾಸನೆ ಹೊಡೆಯುತ್ತಿತ್ತು. ಹೊರಗೆ ಎಂಥ ದೇಶವೇ ಇರಲಿ, ಬಸ್ಸಿನೊಳಗೆ ಮಾತ್ರ ನಾವು ಕೊಪ್ಪಳ ಜಿಲ್ಲೆ ಬಿಟ್ಟು ಕದಲಲಿಲ್ಲ.

ಕಾಶಿಯಲ್ಲಿ ಗಂಗೆ ತುಂಬಿ ಮೆಟ್ಟಿಲುಗಳೆಲ್ಲ ನೀರೊಳಗಿದ್ದವು. ಅಕ್ಕ ನೀರಿನ ಅಂಚಿಗೆ ಹೋಗಿ ಗಂಟನ್ನು ಎದೆಯ ಎತ್ತರಕ್ಕೆ ಹಿಡಿದು, "ನೋಡ್ರಿ, ಗಂಗಾಮಾಯಿ," ಎಂದಳು. ಬಟ್ಟೆ ಬಿಚ್ಚಲಿಲ್ಲ.

"ಅಕ್ಕಾ, ಬಿಚ್ಚಿದ್ರ ಛಲೋ ಕಾಣ್ತಿತ್ತಲ್ಲ ಅವ್ರಿಗೆ?" ಎಂದೆ.

"ಅವ್ರಿಗೆ ಕಾಣ್ತೈತಿ. ಮಂದಿಗೆ ಕಾಣೋದು ಬ್ಯಾಡ."

ಹೀಗೆ ನಮ್ಮ ಭಾವ ಕಾಶಿ ವಿಶ್ವನಾಥನನ್ನೂ ಅನ್ನಪೂರ್ಣೆಯನ್ನೂ ಜಂಪರಿನ ಬಟ್ಟೆಯೊಳಗಿಂದಲೇ ನೋಡಿದರು.

ಗಡಿ

ಗಡಿ ದಾಟಿದ ಕೂಡಲೇ ನನ್ನ ಗಡಿಯಾರ ತಪ್ಪಾಯಿತು. ನೇಪಾಳದ ಹೊತ್ತು ನಮ್ಮದಕ್ಕಿಂತ ಕಾಲು ಗಂಟೆ ಮುಂದಂತೆ. ಒಂದು ಗಂಟೆ ಎಂದಿದ್ದರೆ ಒಪ್ಪಿಕೊಳ್ಳುತ್ತಿದ್ದೆ, ದೊಡ್ಡ ದೇಶಗಳ ವ್ಯವಹಾರ ಎಂದುಕೊಳ್ಳುತ್ತಿದ್ದೆ. ಕಾಲು ಗಂಟೆ ಎಂದರೆ ಅದು ಚಹಾ ಕುಡಿಯುವ ಹೊತ್ತು. ನಮ್ಮ ಕುಷ್ಟಗಿ ಬಸ್ಸು ದಿನಾ ತಡವಾಗುವುದೂ ಅಷ್ಟೇ, ಅದಕ್ಕೆ ನಾವು ಬೈಸಿಕೊಳ್ಳುತ್ತೇವೆ. ಇವರು ಇಡೀ ದೇಶವನ್ನೇ ಹಾಗೆ ಓಡಿಸಿಕೊಂಡಿದ್ದಾರೆ, ಯಾರೂ ಬೈಯುವುದಿಲ್ಲ.

ಅಲ್ಲಿ ವಾರದ ರಜೆ ಭಾನುವಾರವಲ್ಲ, ಶನಿವಾರ. ಅಕ್ಕನಿಗೆ ಇದು ಬಹಳ ಸರಿ ಕಂಡಿತು. "ಹನಮಪ್ಪನ ಗುಡಿಗೆ ಹೋಗಾಕ ಅನುಕೂಲ ಮಾಡ್ಕೊಂಡಾರ, ಶ್ಯಾಣ್ಯಾರು," ಎಂದಳು.

ಕಠ್ಮಂಡು

ಪಶುಪತಿನಾಥನ ದರ್ಶನವಾದ ದಿನ ಹುಣ್ಣಿಮೆ. ನಮ್ಮಲ್ಲಿ ನೂಲ ಹುಣ್ಣಿಮೆ ಎಂದರೆ ಜನಿವಾರದವರಿಗೆ ಹಬ್ಬ, ರಾಖಿ ಕಟ್ಟುವವರಿಗೆ ಹಬ್ಬ, ಉಳಿದವರಿಗೆ ಕ್ಯಾಲೆಂಡರಿನ ಒಂದು ಚೌಕ. ಅಲ್ಲಿ ಹಾಗಲ್ಲ. ಗುಡಿಯ ಸುತ್ತ ಸಾಲಾಗಿ ಕುಳಿತ ಪೂಜಾರಿಗಳು ಜಾತಿ, ಊರು ಏನನ್ನೂ ಕೇಳದೆ ಬಂದವರಿಗೆಲ್ಲ ಕೈಗೆ ಹಳದಿ ದಾರ ಕಟ್ಟುತ್ತಿದ್ದರು. ಅಕ್ಕನೂ ಕೈ ನೀಡಿದಳು. ನಮ್ಮಪ್ಪ ನಿಜಾಮರ ಕಾಲದಲ್ಲಿ ಉರ್ದು ಸಾಲಿ ಓದಿದವರು. ಅವರಿಂದ ಬಂದ ಮುರುಕು ಹಿಂದಿಯಲ್ಲಿ ನಾನು ದಾರದ ಸಂಗತಿ ಕೇಳಿಕೊಂಡೆ. ದೀಪಾವಳಿಯ ತನಕ ಅದು ಕೈಯಲ್ಲಿರಬೇಕು. ಆಮೇಲೆ ಬಿಚ್ಚಿ ಆಕಳ ಬಾಲಕ್ಕೆ ಕಟ್ಟಬೇಕು. ಸತ್ತ ಮೇಲೆ ವೈತರಣಿ ಹೊಳೆ ದಾಟುವಾಗ ಆ ಆಕಳು ಬಂದು ಬಾಲ ಕೊಡುತ್ತದೆ, ಹಿಡಿದುಕೊಂಡು ದಾಟಿಬಿಡಬಹುದು. ಮೊದಲೇ ಸೀಟು ಕಾಯ್ದಿರಿಸುವ ಈ ಪದ್ಧತಿ ಕಂಡಕ್ಟರನಾದ ನನಗೆ ಬಹಳ ಹಿಡಿಸಿತು.

ಅಕ್ಕನಿಗೆ ಹೇಳಿದೆ. ಅವಳು ದಾರವನ್ನು ಬೆರಳಲ್ಲಿ ತಿರುವಿದಳು.

"ನಿಮ್ಮ ಭಾವಾರಿಗೆ ಯಾರೂ ದಾರ ಕಟ್ಟಲಿಲ್ಲಲ್ಲೋ. ಅವ್ರು ಹೊಳಿ ಹೆಂಗ ದಾಟಿದ್ರು?"

ಟಿಕೆಟ್ಟಿಲ್ಲದವರನ್ನು ನಾನೇ ಎಷ್ಟು ಸಲ ನಡುದಾರಿಯಲ್ಲಿ ಇಳಿಸಿದ್ದೇನೆ. ಅವತ್ತು ಆ ಕೆಲಸದ ಮೇಲೇ ಬೇಸರ ಬಂತು.

ಸಂಜೆ ಊರ ಅಂಚಿನ ಗದ್ದೆಗಳ ಕಡೆ ಅಡ್ಡಾಡಲು ಹೋದೆವು. ಬದುವಿನ ಮೇಲೆ ಅಲ್ಲಲ್ಲಿ ಎಲೆ ಹಾಕಿ, ಅನ್ನ ಬಡಿಸಿ, ಹೂವಿಟ್ಟಿದ್ದರು. ಯಾವ ದೇವರಿಗೆ ಎಂದು ಕೇಳಿದರೆ ಕಪ್ಪೆಗೆ ಎಂದರು. ಹಿಂದೆ ಮಕ್ಕಳನ್ನು ಕಾಡುತ್ತಿದ್ದ ರಾಕ್ಷಸನೊಬ್ಬನನ್ನು ಕಪ್ಪೆಗಳು ಕೂಗಿ ಕೂಗಿ ಕೆಸರಿಗೆ ಕರೆದವಂತೆ. ಅವನು ಅಲ್ಲಿ ಹುಗಿದುಹೋದ. ಆ ಉಪಕಾರಕ್ಕೆ ಈ ಊಟ. ನಮ್ಮಲ್ಲಿ ಮಳೆ ಹೋದಾಗ ಮಾತ್ರ ಕಪ್ಪೆಯ ನೆನಪಾಗುತ್ತದೆ, ಹಿಡಿದು ಮದುವೆ ಮಾಡುತ್ತೇವೆ. ಮಳೆ ಬಂದ ಮೇಲೆ ಅದು ವಟಗುಟ್ಟಿದರೆ ನಿದ್ದೆ ಕೆಟ್ಟಿತೆಂದು ಬೈಯುತ್ತೇವೆ. ಇವರು ಮಳೆ ಬಂದ ಮೇಲೆ ನೆನೆಸಿಕೊಂಡು ಉಣ್ಣಿಸುತ್ತಾರೆ. ನಾನು ಬದುವಿನ ಮೇಲೆ ಸಾಕಷ್ಟು ಹೊತ್ತು ಕುಳಿತೆ, ಒಂದು ಕಪ್ಪೆಯ ಪಂಕ್ತಿ ನೋಡಬೇಕೆಂದು. ಒಂದೂ ಬರಲಿಲ್ಲ. ಕಾಗೆ ಬಂದು ತಿಂದುಹೋಯಿತು.

ನಗರಕೋಟ

ಮರುದಿನ ಬೆಳಕು ಹರಿಯುವ ಮೊದಲೇ ನಮ್ಮನ್ನು ನಗರಕೋಟದ ಗುಡ್ಡಕ್ಕೆ ಹತ್ತಿಸಿದರು, ಹಿಮಾಲಯ ತೋರಿಸಲು. ಎದುರಿಗೆ ಸುಣ್ಣ ಬಳಿದ ಗೋಡೆಯಂತೆ ಮೋಡ. ಅದರ ಹಿಂದೆ ಹಿಮಾಲಯವಿದೆ ಎಂದು ಗೈಡು ಹೇಳಿದ. ಎಲ್ಲರೂ ಮೋಡಕ್ಕೇ ಕೈಮುಗಿದೆವು. ಅಕ್ಕ ಗಂಟನ್ನು ಎತ್ತಿ ಹಿಡಿದಳು. ಬಟ್ಟೆಯ ಹಿಂದಿನವರು ಮೋಡದ ಹಿಂದಿನದನ್ನು ನೋಡಿದರು.

ಇಳಿಯುವಾಗ ಭಕ್ತಪುರ ಎನ್ನುವ ಊರಿನ ಹತ್ತಿರ ಬಸ್ಸಿನ ಅಡಿಯಿಂದ ಟಣ್ ಎಂದು ಸದ್ದು ಬಂತು. ಮೆಹಬೂಬಣ್ಣ ಬ್ರೇಕು ಒತ್ತುವ ಮೊದಲೇ ನಾನು ಎದ್ದು ನಿಂತಿದ್ದೆ.

"ಪಾಟಾ ಕಟ್ಟಾತು," ಎಂದೆವು ಇಬ್ಬರೂ ಒಟ್ಟಿಗೆ. ಚಕ್ರದ ಮೇಲಿನ ಸ್ಪ್ರಿಂಗಿನ ಪಟ್ಟಿ ಮುರಿದಿತ್ತು.

ಭಕ್ತಪುರ

ಊರ ಬಾಗಿಲಲ್ಲೇ ಒಂದು ಗ್ಯಾರೇಜು ಸಿಕ್ಕಿತು. ಮೆಕ್ಯಾನಿಕ್ಕೂ ಸಿಕ್ಕ. ಆದರೆ ಅಡಿಯಿಂದ ಮುಡಿಯ ತನಕ ಬಿಳಿ ಬಟ್ಟೆ ತೊಟ್ಟು, ಕೈಯಲ್ಲಿ ಪಾನಾ ಹಿಡಿಯುವ ಬದಲು ಕೋಲು ಹಿಡಿದು ನಿಂತಿದ್ದ. ಹೆಸರು ರತ್ನ, ನಡುವಯಸ್ಸು, ಕೆಲವು ವರ್ಷ ಹೈದರಾಬಾದಿನ ಗ್ಯಾರೇಜಿನಲ್ಲಿ ಕೆಲಸ ಮಾಡಿದವನು. ಅವನ ಹಿಂದಿ ನನ್ನ ಹಿಂದಿಗೆ ಸರಿಯಾಗಿ ಹೊಂದಿತು. ಪಾಟಾ ಹಾಕಲು ಆಗುತ್ತದೆ, ಆದರೆ ಇವತ್ತು ಊರಿಗೆಲ್ಲ ರಜೆ, ಪಾನಾ ಮುಟ್ಟುವುದಿಲ್ಲ, ನಾಳೆ ಬೆಳಿಗ್ಗೆ ಮೊದಲ ಕೆಲಸ ನಿಮ್ಮದೇ ಎಂದ. ಯಾತರ ರಜೆ ಎಂದು ಸಿಟ್ಟಿನಿಂದಲೇ ಕೇಳಿದೆ. ಆಕಳ ಜಾತ್ರೆ ಎಂದ. ಇವತ್ತು ತನ್ನ ಅಪ್ಪನ ದಿನ ಎಂದೂ ಸೇರಿಸಿದ.

ಆಕಳು ಎಲ್ಲಿ ಎಂದು ನೋಡಿದರೆ ಅಂಗಳದಲ್ಲಿ ಎರಡಾಳೆತ್ತರದ ಬಿದಿರು ನಿಲ್ಲಿಸಿದ್ದರು. ಅದಕ್ಕೆ ಸುತ್ತಲೂ ಬಟ್ಟೆ ಉಡಿಸಿ, ಮೇಲೆ ಹುಲ್ಲಿನ ಎರಡು ಕೊಂಬು ಕಟ್ಟಿ, ತುದಿಗೆ ಕೊಡೆ ಸಿಕ್ಕಿಸಿದ್ದರು. ನಡುವೆ ಹಾರ ಹಾಕಿದ ಒಬ್ಬ ಮುದುಕರ ಫೋಟೊ. ಅದೇ ಆಕಳು, ಅವರೇ ಅಪ್ಪ. ಅಂಥ ಬಿದಿರುಗಳು ಓಣಿ ಓಣಿಯಿಂದ ಹೊರಬರುತ್ತಿದ್ದವು. ಪ್ರತಿಯೊಂದರ ಮುಂದೆ ಜನ ಎದುರುಬದುರಾಗಿ ಕೋಲು ಬಡಿಯುತ್ತ ಕುಣಿಯುತ್ತಿದ್ದರು. ನಡುವೆ ಮುಖಕ್ಕೆ ಮಸಿ ಬಳಿದವರು, ಸೀರೆ ಉಟ್ಟ ಗಂಡಸರು, ಮಂತ್ರಿಗಳನ್ನು ಅಣಕಿಸುತ್ತ ದೊಡ್ಡ ಹೊಟ್ಟೆ ಕಟ್ಟಿಕೊಂಡವರು.

ಅಕ್ಕ ಬಸ್ಸಿನ ಮೆಟ್ಟಿಲಲ್ಲೇ ನಿಂತು ಬೆರಗಾಗಿ ನೋಡಿದಳು. "ಇದು ನಮ್ಮ ಅಲಾಯಿ ಐತಲ್ಲೋ, ತಮ್ಮಾ!"

ನಿಜವಾಗಿತ್ತು. ಬಟ್ಟೆ ಉಟ್ಟ ಕೋಲು, ಬಡಿತ, ಸೋಗು, ಸಾವಿನ ನೆನಪು. ಅಲಾಯಿ ದೇವರ ಕೋಲಿನ ತುದಿಗೆ ಹಸ್ತದಾಕಾರದ ಪಂಜಾ ಇರುವಲ್ಲಿ ಇಲ್ಲಿ ಕೊಂಬು ಬಂದಿತ್ತು, ಅಷ್ಟೇ.

ರತ್ನ ನಮ್ಮನ್ನೆಲ್ಲ ತನ್ನ ಮನೆಯ ಕಟ್ಟೆಯ ಮೇಲೆ ಕೂಡಿಸಿ ಅವಲಕ್ಕಿ, ಮೊಸರು ಕೊಡಿಸಿದ. ನಾವು ರೊಟ್ಟಿ, ಚಟ್ನಿ ಕೊಟ್ಟೆವು. ಅವನ ತಾಯಿ ಹಪ್ಪಳವೆಂದು ತಿಳಿದು ಖಡಕ್ ರೊಟ್ಟಿಯನ್ನು ಒಮ್ಮೆಗೇ ಕಚ್ಚಿ ದವಡೆ ಹಿಡಿದುಕೊಂಡರು. ಅವರೂ ಬಿಳಿಯ ಸೀರೆಯಲ್ಲಿದ್ದರು. ಗಂಡ ಹೋದದ್ದು ಈ ವರ್ಷವೇ. ಮೆರವಣಿಗೆಯಲ್ಲಿ ತಮ್ಮ ಬಿದಿರಿನ ಸರದಿ ಬರುವ ತನಕ ರತ್ನ ಈ ಹಬ್ಬ ಹುಟ್ಟಿದ ಕಥೆ ಹೇಳಿದ. ಅದನ್ನು ನಾನು ನಮ್ಮ ಮಾತಿಗೆ ಇಳಿಸಿ ಅಕ್ಕನಿಗೆ ಹೇಳಿದೆ.

"ಹಿಂದಕ ಇಲ್ಲೊಬ್ಬ ರಾಜ ಇದ್ನಂತ. ರಾಣಿ ಕೂಸು ಸತ್ತು ಹೋತಂತ. ರಾಣಿ ಊಟ ಬಿಟ್ಲು, ಮಾತ್ ಬಿಟ್ಲು, ಬಾಗ್ಲ ಹಾಕ್ಕೊಂಡು ಕುಂತ್ಲು. ಆಗ ರಾಜ ಡಂಗುರಾ ಹೊಡಸ್ಯಾನ, ಈ ವರ್ಷ ಯಾರ್ಯಾರ ಮನ್ಯಾಗ ಸಾವಾಗೈತಿ ಅವ್ರೆಲ್ಲಾ ಆಕಳಾ ಹೊಡ್ಕೊಂಡು ಅರಮನಿ ಮುಂದ ಬರ್ರಿ ಅಂತ. ಬಂದ್ರು ನೋಡು, ಸಾಲು ಹರೀವಲ್ದು. ರಾಣಿ ಕಿಟಕ್ಯಾಗ ನಿಂತು ನೋಡಿದ್ಲು. ಎಲ್ಲಾರ ಮನ್ಯಾಗೂ ಐತಿ, ನನ್ನೊಬ್ಬಾಕಿದ ಅಲ್ಲ ಅಂತ ಗೊತ್ತಾತು. ಆದ್ರೂ ನಗಲಿಲ್ಲ. ಆಮ್ಯಾಲೆ ರಾಜ, ರಾಣೀನ ನಗಿಸಿದೋರಿಗೆ ಬಹುಮಾನ ಅಂದ. ಮಂದಿ ಸೋಗು ಹಾಕ್ಕೊಂಡು ಬಂದು ರಾಜನ್ನ ಆಡ್ಕೊಂಡ್ರಂತ."

"ನಕ್ಕಳೇನು?" ಎಂದಳು ಅಕ್ಕ.

"ನಕ್ಳಂತ."

"ಪಾಪ," ಎಂದು ಅಕ್ಕ ಬೇರೆ ಕಡೆ ತಿರುಗಿದಳು.

ರತ್ನನ ತಾಯಿಗೆ ನಮ್ಮ ಭಾಷೆ ಬಾರದು, ಹಿಂದಿಯೂ ಅಷ್ಟಕ್ಕಷ್ಟೆ. ಆದರೆ ಅಕ್ಕನ ತೊಡೆಯ ಮೇಲಿದ್ದ ಗಂಟಿನ ಚೌಕಟ್ಟಿನ ಆಕಾರ ಅವರಿಗೆ ಅರ್ಥವಾಗಿತ್ತು. ಅದನ್ನು ಬೆರಳಿಂದ ಮುಟ್ಟಿ, ಬಿದಿರಿನ ಮೇಲಿದ್ದ ತಮ್ಮ ಗಂಡನ ಫೋಟೊ ತೋರಿಸಿ, ಹುಬ್ಬು ಏರಿಸಿದರು. ಅಕ್ಕ ಹೌದೆಂದು ತಲೆಯಾಡಿಸಿದಳು. ಮುದುಕಿ ಗಂಟಿಗೆ ಕೈಹಾಕಿದರು. ನಾನು ತಡೆಯಲು ಏಳುವಷ್ಟರಲ್ಲಿ ಅಕ್ಕನೇ ಬಿಚ್ಚತೊಡಗಿದ್ದಳು.

ಹಳದಿ ಮೈ, ಕರಿ ಪಟ್ಟೆ, ಗದ್ದದ ತನಕ ನಾಲಿಗೆ. ಮುದುಕಿ ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ನಕ್ಕರು. ನಮ್ಮ ಬೀಗರಂತೆ ಕಿಸಕ್ಕನೆ ಅಲ್ಲ, ತೊಡೆ ತಟ್ಟಿ, ಬಾಯಿ ಪೂರಾ ತೆರೆದು, ಓಣಿಯವರನ್ನೆಲ್ಲ ಕೂಗಿ ಕರೆದು ನಕ್ಕರು. ಇಷ್ಟು ದೂರ ಕರೆತಂದದ್ದು ಇದಕ್ಕೇನು ಎನ್ನಿಸಿತು.

"ಅಕ್ಕಾ, ಬಸ್ಸಿನ ಕಡೆ ಹೋಗೂಣು ನಡಿ."

ಅಕ್ಕ ಏಳಲಿಲ್ಲ. ಮುದುಕಿಯ ಮುಖವನ್ನೇ ನೋಡುತ್ತಿದ್ದಳು. "ಯಾಕ ನಗಾಕ್ಹತ್ಯಾರ, ಕೇಳು."

ರತ್ನನಿಂದ ಕೇಳಿಸಿದೆ. ಮುದುಕಿ ಕಣ್ಣೊರೆಸಿಕೊಂಡು ಹೇಳಿದ್ದನ್ನು ಅವನು ನನಗೆ ಹೇಳಿದ, ನಾನು ಅಕ್ಕನಿಗೆ ಹೇಳಿದೆ. "ಅವ್ರ ಗಂಡ ಬದುಕಿರೂ ಮಟ ನಾಯಿಗೆ ಅಂಜತಿದ್ರಂತ. ಒಬ್ರ ಹೆಂಗ ಹೋಗ್ತಾರೋ ಅಂತ ಈ ಅಮ್ಮಾರಿಗೆ ಚಿಂತಿ ಆಗಿತ್ತಂತ. ಈಗ ಜೋಡಿಗೆ ಹುಲಿ ಸಿಕ್ತು, ಇನ್ನ ಯಾವ ನಾಯಿ ಬರ್ತಾವ ಅಂತಾರ."

ಅಕ್ಕ ಫೋಟೊವನ್ನು ಸೆರಗಿನಿಂದ ಒರೆಸಿ ಮುದುಕಿಯ ಕೈಗೆ ಕೊಟ್ಟಳು. ರತ್ನ ಅದನ್ನು ತನ್ನ ಅಪ್ಪನ ಫೋಟೊದ ಕೆಳಗೆ ದಾರದಿಂದ ಭದ್ರವಾಗಿ ಕಟ್ಟಿದ. ಈ ವರ್ಷ ಹೋದವರಿಗೆಲ್ಲ ಇವತ್ತು ಜಾಗ ಇದೆ, ಊರು ಯಾವುದಾದರೇನು ಎಂದ.

ಮೆರವಣಿಗೆ ಹೊರಟಿತು. ಇಟ್ಟಿಗೆ ಹಾಸಿದ ಓಣಿ, ಎರಡೂ ಕಡೆ ಕೆತ್ತನೆಯ ಕಟ್ಟಿಗೆ ಕಿಟಕಿಗಳು, ಕಿಟಕಿಯ ತುಂಬ ಜನ. ಮೆಹಬೂಬಣ್ಣ ಎಲ್ಲಿಂದಲೋ ಒಂದು ಕೋಲು ಸಂಪಾದಿಸಿ ಅವರ ಬಡಿತಕ್ಕೆ ನಮ್ಮ ಅಲಾಯಿ ಹೆಜ್ಜೆ ಹಾಕುತ್ತಿದ್ದರು. ನಾನು "ಮುಂದ ನಡೀರಿ, ಮುಂದ ನಡೀರಿ" ಎಂದು ಜನ ಸರಿಸುತ್ತಿದ್ದೆ, ಯಾರಿಗೂ ತಿಳಿಯದಿದ್ದರೂ ಎಲ್ಲರೂ ಸರಿಯುತ್ತಿದ್ದರು. ಹಾದಿಯುದ್ದಕ್ಕೂ ಮನೆಯವರು ಬಾಗಿಲಿಗೆ ಬಂದು ಹೂವು ಎಸೆದು, ಹಣ್ಣು ಕೊಟ್ಟು, ಬಿದಿರಿಗೆ ಕೈಮುಗಿಯುತ್ತಿದ್ದರು. ಮುದುಕರಿಗೂ ಮುಗಿದರು, ಹುಲಿಗೂ ಮುಗಿದರು. ನಗುವವರು ನಗುತ್ತಲೇ ಮುಗಿದರು. ಅಕ್ಕ ಅವರ ಕೈಗಳನ್ನೇ ನೋಡುತ್ತ ನಡೆದಳು.

ಒಂದು ಚೌಕದಲ್ಲಿ ಮುಂದಿನ ಬಿದಿರುಗಳು ದಾಟಲಿ ಎಂದು ನಿಂತೆವು. ಅಕ್ಕ ಕೈಯ ದಾರ ತೋರಿಸಿ, ಇದಿಲ್ಲದೆ ಹೋದವರ ಗತಿ ಏನು ಎಂದು ಕೇಳು ಎಂದಳು. ರತ್ನನಿಗೆ ಇದು ತೀರ ಸುಲಭದ ಪ್ರಶ್ನೆಯಾಗಿತ್ತು. ಅದಕ್ಕೇ ಅಲ್ಲವೇ ಈ ಆಕಳು ಎಂದ. ಈ ವರ್ಷ ಹೋದವರನ್ನು ಹೊಳೆ ದಾಟಿಸಲಿಕ್ಕೇ ಇದು ಹೊರಡುವುದು, ಬಾಲ ಹಿಡಿದರೆ ಆಯಿತು.

ನಾನು ಅದನ್ನು ಹೇಳಿ ಮುಗಿಸಿದೆ. ಅಕ್ಕ ತಲೆಯೆತ್ತಿ ಬಿದಿರಿನ ಮೇಲಿದ್ದ ಗಂಡನನ್ನು ದಿಟ್ಟಿಸಿದಳು. ಅವಳ ತುಟಿ ಅಲುಗಿತು.

"ಇವ್ರಿಗೆ ಆಕಳ ಬಾಲ ಯಾಕ ಬೇಕೋ ತಮ್ಮಾ? ನೋಡಲ್ಲಿ. ತಮ್ಮ ಬಾಲ ತಾವ ಹಿಡ್ಕೊಂಡು ನಿಂತಾರ."

ನನಗೆ ನಗು ತಡೆಯಲಾಗಲಿಲ್ಲ. ನಕ್ಕು, ಹೆದರಿ, ಅವಳ ಕಡೆ ನೋಡಿದೆ. ಅವಳ ಮೂಗಿನಿಂದ ಒಂದು ಸಣ್ಣ ಸದ್ದು ಬಂತು. ಆಮೇಲೆ ಅಕ್ಕ ನಕ್ಕಳು. ಹೊಟ್ಟೆ ಹಿಡಿದುಕೊಂಡು, ರತ್ನನ ತಾಯಿಯ ಹೆಗಲಿಗೆ ಒರಗಿ ನಕ್ಕಳು, ಅತ್ತಳು, ಮತ್ತೆ ನಕ್ಕಳು. ನನಗೂ ಅಳು ಬಂತು, ಬರಲಿ ಎಂದು ಬಿಟ್ಟೆ.

ಅಲ್ಲಿಂದ ಮುಂದೆ ಅವಳ ಬಾಯಿಗೆ ಬ್ರೇಕೇ ಇರಲಿಲ್ಲ. ಮುದುಕಿಯ ಕೈ ಹಿಡಿದು ಅಚ್ಚ ತಾವರಗೇರಾ ಮಾತಿನಲ್ಲಿ ಹೇಳುತ್ತ ಹೋದಳು. "ಲಗ್ನಾದ ಮ್ಯಾಲೆ ಮೊದಲ್ನೇ ಅಲಾಯಿ. ನನಗ ಯಾರೂ ಹೇಳಿದ್ದಿಲ್ಲ. ಅಂಗಳ ಕಸಾ ಹೊಡಿಯಾಕ್ಹತ್ತಿದ್ದೆ, ಹಿಂದಿಂದ ಹುಲಿ ಬಂದು ಗುರ್ ಅಂತು. ಕಸಬರಿಗೀಲೆ ಮಾರಿ ಮ್ಯಾಲೆ ಕೊಟ್ಟೆ ನೋಡ್ರಿ! 'ಏ ನೀಲಾ, ನಾನ ಅದೀನಿ, ನಿನ್ನ ಗಂಡ' ಅಂದ್ರು. 'ನನ್ನ ಗಂಡ ಹೊಲಕ್ಕ ಹೋಗ್ಯಾನ' ಅಂತ ಮತ್ತಷ್ಟು ಕೊಟ್ಟೆ."

ಮುದುಕಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. ಕಸ ಹೊಡೆಯುವ ಕೈ ಮಾತ್ರ ಕಂಡಿತು, ಅಷ್ಟಕ್ಕೇ ಬಿದ್ದು ಬಿದ್ದು ನಕ್ಕರು. ಆಮೇಲೆ ತಮ್ಮ ಭಾಷೆಯಲ್ಲಿ ತಮ್ಮ ಗಂಡನ ಏನನ್ನೋ ಹೇಳಿದರು. ಅದರಲ್ಲಿ ನಾಯಿ ಇತ್ತು, ಬೊಗಳಿ ತೋರಿಸಿದ್ದರಿಂದ ಗೊತ್ತಾಯಿತು. ಅಕ್ಕ ನಕ್ಕಳು. ಮೊದಮೊದಲು ನಾನೂ ರತ್ನನೂ ನಡುವೆ ನಿಂತು ಮಾತು ದಾಟಿಸಲು ನೋಡಿದೆವು. ಆಮೇಲೆ ಅವರು ಹಿಂದಿರುಗಿ ನೋಡದೆ ಮುಂದೆ ಹೋಗಿಬಿಟ್ಟರು. ಭಾವನವರ ಮುಖದ ಮೇಲಿದ್ದ ಗೀರು ಜಾಲಿಮುಳ್ಳಿನದು ಎಂದು ಇಡೀ ನಮ್ಮ ಬಳಗ ನಂಬಿತ್ತು. ಅವರೇ ಹಾಗೆ ಹೇಳಿಕೊಂಡು ಬಂದಿದ್ದರು. ಅದು ಕಸಬರಿಗೆಯದೆಂದು ನನಗೆ ಅವತ್ತು ತಿಳಿಯಿತು.

ಮರುದಿನ ಬೆಳಿಗ್ಗೆ ರತ್ನ ಹೇಳಿದಂತೆ ಪಾಟಾ ಹಾಕಿಕೊಟ್ಟ. ಫೋಟೊದ ಗಾಜಿನ ತುಂಬ ಕುಂಕುಮ, ಹೂವಿನ ಎಸಳು ಅಂಟಿದ್ದವು. ಅಕ್ಕ ಜಂಪರಿನ ಬಟ್ಟೆಯಿಂದ ಗಾಜು ಒರೆಸಿದಳು, ಬಟ್ಟೆಯನ್ನು ಮಡಿಸಿ ಚೀಲದಲ್ಲಿಟ್ಟಳು, ಫೋಟೊವನ್ನು ಕಿಟಕಿಗೆ ಒರಗಿಸಿ ಹೊರಗೆ ಮುಖ ಮಾಡಿ ಇಟ್ಟಳು. ಬಸ್ಸು ತಿರುವು ಹತ್ತಿದಾಗ ಮೋಡ ಒಂದಿಷ್ಟು ಸರಿದು ಹಿಮಾಲಯ ಕಂಡಿತಂತೆ. ನಾನು ಆಗಲೂ ಬಾಗಿಲಲ್ಲಿ ನಿಂತು "ರೈಟ್, ರೈಟ್" ಎನ್ನುತ್ತಿದ್ದೆ. ನಾನು ನೋಡದಿದ್ದರೂ ಭಾವನವರು ನೋಡಿದರು.

ತಾವರಗೇರಾ

ಊರಿಗೆ ಬಂದ ಮೇಲೆ ಫೋಟೊ ಪಡಸಾಲೆಯಲ್ಲಿ ಬಾಗಿಲ ಎದುರಿಗೆ, ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗಕ್ಕೆ ಏರಿತು. ಬಂದವರು ನಕ್ಕರೆ ಅಕ್ಕ, "ನಗ್ರಿ, ನಗ್ರಿ, ಹಂಗ ಕೈನೂ ಮುಗೀರಿ," ಎನ್ನುತ್ತಿದ್ದಳು. ಗಂಗಾವತಿಯ ಬೀಗರು ದೀಪಾವಳಿಗೆ ಬಂದಾಗ ಅವರನ್ನು ಫೋಟೊದ ಕೆಳಗೇ ಕೂಡಿಸಿ ಹೋಳಿಗೆ ಬಡಿಸಿ, ಕಸಬರಿಗೆಯ ಕಥೆ ಹೇಳಿದಳು. ಹಳದಿ ದಾರವನ್ನು ಮನೆಯ ಆಕಳ ಬಾಲಕ್ಕೆ ಕಟ್ಟಿದಳು. ನನ್ನದೂ ಅದೇ ಆಕಳಿಗೆ. ಒಂದೇ ಬಾಲ, ಇಬ್ಬರು ಹೇಗೆ ಹಿಡಿಯುವುದು ಎಂದು ಕೇಳಿದೆ. "ನೀ ಹೆಂಗೂ ನಿಂತಽ ಬರಾಂವ," ಎಂದಳು.

ಅಲಾಯಿ ಬಂತು. ಹಿರಿಯರು ಈ ಸಲ ಕೇಳಲು ಹಿಂಜರಿದು ಕಟ್ಟೆಯ ಹತ್ತಿರವೇ ನಿಂತಿದ್ದರು. ನಾನು ರಜೆ ಹಾಕಿ ಹಬ್ಬಕ್ಕೆ ಹೋಗಿದ್ದೆ. ಒಳಗಿಂದ ಟ್ರಂಕು ಎಳೆಯುವ ಸದ್ದು ಕೇಳಿಸಿತು. ಅಕ್ಕ ಭಾವನವರ ಬಾಲ ಹಿಡಿದುಕೊಂಡು ಹೊರಗೆ ಬಂದಳು, ಹಿರಿಯರ ಕಡೆ ನೋಡಲಿಲ್ಲ, ನನ್ನ ಮುಂದೆ ಬಂದು ನಿಂತಳು.

"ತಮ್ಮಾ, ಅಂಗಿ ಬಿಚ್ಚು."

"ನಾನಾ? ಅಕ್ಕಾ, ನಾ ಸರ್ಕಾರಿ ನೌಕರಿ ಮಾಡಾಂವ."

"ಹುಲಿಗೇನು ನೌಕರಿ ಅಡ್ಡ ಬರತೈತಿ? ಬಿಚ್ಚು."

ಬಿಚ್ಚಿದೆ. ಅಂಗಳದಲ್ಲಿ ನಿಲ್ಲಿಸಿ ಅವಳೇ ಹಳದಿ ಬಳಿದಳು, ಅವಳೇ ಪಟ್ಟೆ ಎಳೆದಳು. ಬಣ್ಣ ತಣ್ಣಗಿತ್ತು, ಅವಳ ಕೈ ಬೆಚ್ಚಗಿತ್ತು. ಹೊರಗೆ ಹಲಗೆ ಶುರುವಾಗಿತ್ತು. ಹೊರಡುವ ಮೊದಲು, ಹಬ್ಬಕ್ಕೆ ಬಂದಿದ್ದ ಕುಷ್ಟಗಿಯ ಸ್ಟುಡಿಯೊದವನನ್ನು ಒಳಗೆ ಕರೆದು ನನ್ನನ್ನು ಗೋಡೆಯ ಮುಂದೆ ನಿಲ್ಲಿಸಿದಳು, ಬಾಲವನ್ನು ನನ್ನ ಕೈಗೆ ಕೊಟ್ಟು ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

"ನಾಲಿಗಿ ಹೊರಗ ಹಾಕು," ಎಂದಳು. "ಮುಂದ ಗ್ವಾಡಿಗೆ ಹಾಕಾಕ ಬೇಕಾಗ್ತೈತಿ."

ನಾನು ನಾಲಿಗೆ ಹೊರಗೆ ಹಾಕಿದೆ. ಅಕ್ಕ ನಕ್ಕಳು.